ಬುದ್ಧಿ, ಮಾತು, ನಡತೆ: ತರುಣರ ನಡತೆಯ ತೊಡಕೂ ಮಿದುಳಿನ ಸಂಪರ್ಕಗಳೂ

೧

ಕನ್ನಡದಲ್ಲಿ 'ಬುದ್ಧಿ' ಎಂಬ ಶಬ್ದಕ್ಕೆ ಎರಡು ಮುಖಗಳುಂಟು. 'ಬುದ್ಧಿವಂತ' ಎಂದಾಗ ಗ್ರಹಣಶಕ್ತಿಯುಳ್ಳವನೆಂದು ಅರ್ಥ. 'ಬುದ್ಧಿ ಹೇಳು' ಎಂದಾಗ ನಡತೆಯನ್ನು ತಿದ್ದು ಎಂದು ಅರ್ಥ. 'ಬುದ್ಧಿ ಬಂತು', 'ಬುದ್ಧಿ ಕೆಟ್ಟಿತು', 'ಹುಡುಗಬುದ್ಧಿ' ಮೊದಲಾದ ಪ್ರಯೋಗಗಳಲ್ಲಿ ಈ ಎರಡು ಅರ್ಥಗಳನ್ನು ಬೇರ್ಪಡಿಸುವುದು ಸುಲಭವಲ್ಲ. ಮಠದ ಸ್ವಾಮಿಗಳನ್ನು 'ಬುದ್ಧೀ' ಎಂದು ಸಂಬೋಧಿಸುವ ರೂಢಿಯಲ್ಲಿಯೂ ತಿಳಿವು ಮತ್ತು ಶೀಲ ಎರಡಕ್ಕೂ ಒಟ್ಟಿಗೇ ಗೌರವ ಸಲ್ಲುತ್ತದೆ. ನಡತೆ ಕೆಟ್ಟಲ್ಲಿ ತಿಳಿವೂ ಕೆಟ್ಟಿರಬೇಕು, ತಿಳಿವು ಬಂದಲ್ಲಿ ನಡತೆಯೂ ನೆಟ್ಟಗಾಗಬೇಕು ಎಂಬ ಒಂದು ಸಿದ್ಧಾಂತವೇ ಈ ಶಬ್ದದೊಳಗೆ ಅಡಗಿದೆ ಎನ್ನಬಹುದು. ಇದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಇಂದಿನ ಮಿದುಳಿನ ಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ಬಳ್ಳಾರಿ ಸೀಮೆಯನ್ನು, ವಿಶೇಷವಾಗಿ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಮನೋವೈದ್ಯವನ್ನು ಹಳ್ಳಿಯ ಬಾಗಿಲಿಗೆ ಒಯ್ಯುವ ಪ್ರಯತ್ನ ಇಡಿಯ ಒಂದು ಜಿಲ್ಲೆಯ ಪ್ರಮಾಣದಲ್ಲಿ ನಡೆದು ದೇಶಕ್ಕೆ ಮಾದರಿಯಾದುದು ಇಲ್ಲಿ, ಇದು ಮೊದಲನೆಯದು. ಮನೆಯ ಮಾತೊಂದು, ಶಾಲೆಯ ಮಾತೊಂದು ಆಗಿರುವ ಮಕ್ಕಳು ಇಲ್ಲಿ ಹೇರಳವಾಗಿದ್ದಾರೆ, ಇದು ಎರಡನೆಯದು. ಈ ಎರಡನೆಯ ಸಂಗತಿ ಪ್ರಕೃತ ವಿಷಯಕ್ಕೆ ಎಷ್ಟು ಮುಖ್ಯವೆಂಬುದು ಮುಂದೆ ತಿಳಿದುಬರುವುದು.

೨

'ನಡತೆಯ ತೊಡಕು' ಎಂದರೇನೆಂಬುದನ್ನು ಮೊದಲು ನಿರ್ಣಯಿಸಿಕೊಳ್ಳಬೇಕು. ತರಗತಿಯಲ್ಲಿ ಗದ್ದಲವೆಬ್ಬಿಸಿದವನಾಗಲಿ, ಒಮ್ಮೆ ಮಾವಿನ ತೋಪಿಗೆ ನುಗ್ಗಿದವನಾಗಲಿ ಈ ವರ್ಗಕ್ಕೆ ಸೇರುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಹೊರತಂದ ರೋಗನಿರ್ಣಯ ಗ್ರಂಥದ ಐದನೆಯ ಆವೃತ್ತಿಯಲ್ಲಿ ಹದಿನೈದು ಲಕ್ಷಣಗಳನ್ನು ನಾಲ್ಕು ಗುಂಪುಗಳಾಗಿ ಹೇಳಿದೆ: ಮನುಷ್ಯರನ್ನೂ ಪ್ರಾಣಿಗಳನ್ನೂ ಹಿಂಸಿಸುವುದು, ಸ್ವತ್ತನ್ನು ಹಾಳುಮಾಡುವುದು, ವಂಚನೆ ಅಥವಾ ಕಳವು, ಮನೆ ಮತ್ತು ಶಾಲೆಯ ಕಟ್ಟಳೆಗಳನ್ನು ಗುರುತರವಾಗಿ ಮೀರುವುದು. ಹನ್ನೆರಡು ತಿಂಗಳ ಅವಧಿಯಲ್ಲಿ ಇವುಗಳಲ್ಲಿ ಮೂರಾದರೂ ಲಕ್ಷಣಗಳು ಕಂಡುಬಂದು, ಅದರಿಂದ ಮಗುವಿನ ಬಾಳು ನಿಜವಾಗಿ ಕುಂಠಿತವಾಗಿದ್ದರೆ ಮಾತ್ರ ವೈದ್ಯರು ಈ ಹೆಸರನ್ನು ಬಳಸತಕ್ಕದ್ದು.

ಇಂಥ ಮಕ್ಕಳೆಲ್ಲರೂ ಒಂದೇ ಬಗೆಯವರಲ್ಲ. ಟೆರಿ ಮಾಫಿಟ್ ಎಂಬ ವಿದುಷಿ ೧೯೯೩ರಲ್ಲಿ ಎರಡು ಪ್ರವಾಹಗಳನ್ನು ಗುರುತಿಸಿದಳು. ಕೆಲವರಲ್ಲಿ ತೊಡಕು ಎಳೆತನದಲ್ಲಿಯೇ ತೋರಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಇವರಿಗಿಂತ ಹೆಚ್ಚು ಸಂಖ್ಯೆಯವರಲ್ಲಿ ಅದು ಹರೆಯದಲ್ಲಿ ತಲೆಯೆತ್ತಿ, ಹರೆಯದೊಡನೆ ಇಳಿದುಹೋಗುತ್ತದೆ. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ ೧೯೭೨-೭೩ರಲ್ಲಿ ಹುಟ್ಟಿದ ೧,೦೩೭ ಶಿಶುಗಳನ್ನು ಇಂದಿನವರೆಗೂ ಅನುಸರಿಸುತ್ತ ಬಂದಿರುವ ಅಧ್ಯಯನವು ಈ ವಿಭಾಗಕ್ಕೆ ಬಹಳ ಬಲವನ್ನು ಕೊಟ್ಟಿದೆ. ಅವರಲ್ಲಿ ೬೭೨ ಜನರ ಮಿದುಳನ್ನು ನಲವತ್ತೈದನೆಯ ವಯಸ್ಸಿನಲ್ಲಿ ಚಿತ್ರಿಸಿ ನೋಡಿದಾಗ, ಬಾಳೆಲ್ಲ ತೊಡಕಿನಲ್ಲಿ ಕಳೆದವರ ಮಿದುಳಿನ ಹೊರಪದರವು ಇತರರದಕ್ಕಿಂತ ಸರಾಸರಿಯಲ್ಲಿ ತೆಳುವಾಗಿಯೂ ಅದರ ವಿಸ್ತಾರವು ಕಡಮೆಯಾಗಿಯೂ ಕಂಡಿತು. ಹರೆಯದಲ್ಲಿ ಮಾತ್ರ ದಾರಿತಪ್ಪಿದವರಲ್ಲಿ ವಿಸ್ತಾರದ ಈ ವ್ಯತ್ಯಾಸವು ಕಾಣಬರಲಿಲ್ಲ. ಈ ಫಲಿತಾಂಶವು ಪ್ರಕಟವಾದುದು ೨೦೨೦ರಲ್ಲಿ.

೩

ಇನ್ನು ಮಿದುಳಿನ 'ಸಂಪರ್ಕ'ವೆಂದರೇನು? ಮಿದುಳಿನಲ್ಲಿ ನರಕೋಶಗಳು ದಟ್ಟವಾಗಿ ನೆಲೆಸಿರುವ ಬೂದುಬಣ್ಣದ ದ್ರವ್ಯವೂ, ಅವುಗಳಿಂದ ಹೊರಟು ದೂರದ ಭಾಗಗಳನ್ನು ಕೂಡಿಸುವ ತಂತುಗಳಿಂದಾದ ಬಿಳಿಯ ದ್ರವ್ಯವೂ ಇವೆ. ಹಿಂದಿನ ಪಂಡಿತರು ಕೋಪಕ್ಕೊಂದು ಸ್ಥಾನ, ವಿವೇಕಕ್ಕೊಂದು ಸ್ಥಾನ ಎಂದು ಮಿದುಳಿನಲ್ಲಿ ಮನೆಗಳನ್ನು ಹುಡುಕುತ್ತಿದ್ದರು. ಈಗಿನವರು ಮನೆಗಳನ್ನು ಮಾತ್ರವಲ್ಲದೆ ಅವುಗಳ ನಡುವಣ ದಾರಿಗಳನ್ನೂ ನೋಡುತ್ತಾರೆ.

ಸಿರುಗುಪ್ಪದ ಗದ್ದೆಬಯಲನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತುಂಗಭದ್ರೆಯಲ್ಲಿ ನೀರಿದ್ದು, ಗದ್ದೆಯ ಮಣ್ಣು ಫಲವತ್ತಾಗಿದ್ದು, ನಡುವಣ ಕಾಲುವೆ ಹೂಳಿದ್ದರೆ ಅಥವಾ ತೂಬು ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಪೈರು ಒಣಗುವುದು. ಆಗ ನದಿಯನ್ನು ದೂರುವುದೂ ತಪ್ಪು, ಮಣ್ಣನ್ನು ದೂರುವುದೂ ತಪ್ಪು.

ಸಂಪರ್ಕವನ್ನು ಎರಡು ಬಗೆಯಾಗಿ ಅಳೆಯುತ್ತಾರೆ. ಬಿಳಿಯ ದ್ರವ್ಯದ ತಂತುಗಳ ಉದ್ದಕ್ಕೆ ನೀರಿನ ಕಣಗಳು ಹೇಗೆ ಸರಿಯುತ್ತವೆ ಎಂಬುದನ್ನು ಕಾಂತಶಕ್ತಿಯ ಯಂತ್ರದಿಂದ ಗ್ರಹಿಸಿ, ಅದರಿಂದ ತಂತುಗಳ ಸ್ಥಿತಿಯನ್ನು ಊಹಿಸುವುದು ಒಂದು. ಇದು ಕಾಲುವೆಯನ್ನೇ ನೋಡಿದಂತೆ. ದೂರದೂರದ ಭಾಗಗಳಲ್ಲಿ ರಕ್ತದ ಆಮ್ಲಜನಕದ ಏರಿಳಿತವು ಒಂದೇ ಲಯದಲ್ಲಿ ನಡೆಯುತ್ತದೆಯೆ ಎಂದು ನೋಡುವುದು ಇನ್ನೊಂದು. ಇದು ಎರಡು ಗದ್ದೆಗಳಲ್ಲಿ ನೀರು ಒಟ್ಟಿಗೆ ಏರುವುದನ್ನು ಕಂಡು ಕಾಲುವೆಯುಂಟೆಂದು ಊಹಿಸಿದಂತೆ. ಈ ಎರಡನೆಯ ಮಾರ್ಗವನ್ನು ತೆರೆದವರಲ್ಲಿ ಭಾರತಮೂಲದ ಭರತ್ ಬಿಸ್ವಾಲರು ಮುಖ್ಯರು. ಕೈಯನ್ನು ಅಲುಗಿಸದೆ ಸುಮ್ಮನೆ ಮಲಗಿರುವಾಗಲೂ ಕೈಯ ಚಲನೆಯನ್ನು ಆಳುವ ಎಡಬಲದ ಭಾಗಗಳು ಒಂದೇ ಲಯದಲ್ಲಿ ಮಿಡಿಯುತ್ತವೆ ಎಂದು ೧೯೯೫ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ತೋರಿಸಿದರು.

ಈ ದಾರಿಗಳೆಲ್ಲ ಹುಟ್ಟುವಾಗಲೇ ಸಿದ್ಧವಾಗಿರುವುದಿಲ್ಲ. ಹಣೆಯ ಹಿಂದಿರುವ ಭಾಗ, ಎಂದರೆ ಮುಂದಾಲೋಚನೆ ಮತ್ತು ತಡೆಹಿಡಿತಗಳಿಗೆ ಬೇಕಾದ ಭಾಗ, ಎಲ್ಲಕ್ಕಿಂತ ತಡವಾಗಿ ಪಕ್ವವಾಗುತ್ತದೆ. ಇಪ್ಪತ್ತು ದಾಟಿದ ಮೇಲೂ ಅದರ ಸಂಪರ್ಕಗಳು ಬಲಿಯುತ್ತಲೇ ಇರುತ್ತವೆ. ಭಯ, ಕೋಪ, ಬಹುಮಾನದ ಆಸೆಗಳಿಗೆ ಸಂಬಂಧಿಸಿದ ಒಳಭಾಗಗಳು ಅದಕ್ಕಿಂತ ಮೊದಲೇ ಚುರುಕಾಗುತ್ತವೆ. ಹರೆಯದ ಸಾಹಸಕ್ಕೂ ದುಡುಕಿಗೂ ಈ ಹೊತ್ತಿನ ವ್ಯತ್ಯಾಸವು ಒಂದು ಕಾರಣವೆಂದು ಹಲವರು ಭಾವಿಸುತ್ತಾರೆ.

೪

ನಡತೆಯ ತೊಡಕುಳ್ಳ ತರುಣರ ಮಿದುಳಿನಲ್ಲಿ ಕಂಡುಬಂದಿರುವುದೇನು? ಹದಿನೈದು ಸಮೂಹಗಳ ಚಿತ್ರಗಳನ್ನು ಒಟ್ಟುಗೂಡಿಸಿ ೨೦೨೪ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಏಳರಿಂದ ಇಪ್ಪತ್ತೊಂದು ವರ್ಷದೊಳಗಿನ, ತೊಡಕುಳ್ಳ ೧,೧೮೫ ಮಂದಿಯನ್ನೂ ತೊಡಕಿಲ್ಲದ ೧,೨೫೩ ಮಂದಿಯನ್ನೂ ಹೋಲಿಸಲಾಗಿತ್ತು. ಮೊದಲನೆಯವರಲ್ಲಿ ಹೊರಪದರದ ಒಟ್ಟು ವಿಸ್ತಾರವು ಸರಾಸರಿಯಲ್ಲಿ ಕಡಮೆಯಾಗಿತ್ತು. ಭಾವಗಳಿಗೂ ನೆನಪಿಗೂ ಸಂಬಂಧಿಸಿದ ಕೆಲವು ಒಳಭಾಗಗಳ ಗಾತ್ರವೂ ಕಡಮೆಯಾಗಿತ್ತು. ಅವುಗಳಲ್ಲೊಂದು ಅಮಿಗ್ಡಲ ಎಂಬ, ಬಾದಾಮಿಯ ಬೀಜದ ಆಕಾರದ ಸಣ್ಣ ಭಾಗ. ಇತರರ ಮುಖದಲ್ಲಿ ಭಯವನ್ನು ಓದುವುದರಲ್ಲಿ ಇದರ ಪಾತ್ರ ದೊಡ್ಡದು. ಮರುಕವಿಲ್ಲದ ಸ್ವಭಾವದ ಕೆಲವು ಮಕ್ಕಳಲ್ಲಿ ಹೆದರಿದ ಮುಖವನ್ನು ತೋರಿಸಿದಾಗ ಇದು ಇತರರಲ್ಲಿರುವಷ್ಟು ಎಚ್ಚರಗೊಳ್ಳುವುದಿಲ್ಲ. ಇನ್ನು ಕೆಲವರ ಸ್ವಭಾವ ಇದಕ್ಕೆ ವಿರುದ್ಧವಾದುದು: ಸಣ್ಣ ಕಾರಣಕ್ಕೂ ಅವರು ಕೆರಳುವರು, ಆಮೇಲೆ ಪಶ್ಚಾತ್ತಾಪಪಡುವರು. ಹೊರಗೆ ಒಂದೇ ಆಗಿ ಕಾಣುವ ಏಟಿಗೆ ಒಳಗೆ ಎರಡು ಬೇರೆ ಬೇರೆ ಕಾರಣಗಳಿರಬಹುದು.

ಸಂಪರ್ಕಗಳ ವಿಷಯದಲ್ಲಿ ಫಲಿತಾಂಶಗಳು ಅಷ್ಟು ಏಕಮುಖವಾಗಿಲ್ಲ. ಅಮಿಗ್ಡಲದ ಪ್ರದೇಶವನ್ನು ಮಿದುಳಿನ ಮುಂಭಾಗದೊಡನೆ ಕೂಡಿಸುವ, ಕೊಕ್ಕೆಯಂತೆ ಬಾಗಿದ ತಂತುಗಳ ಕಟ್ಟೊಂದುಂಟು. ದೊಡ್ಡವರಾದ ಕ್ರೂರಾಪರಾಧಿಗಳಲ್ಲಿ ಅದು ದುರ್ಬಲವಾಗಿದೆಯೆಂದು ೨೦೦೯ರಲ್ಲಿ ಒಂದು ಅಧ್ಯಯನವು ಹೇಳಿತು. ತೊಡಕುಳ್ಳ ಹರೆಯದವರನ್ನು ನೋಡಿದ ಕೆಲವು ಅಧ್ಯಯನಗಳಲ್ಲಿ ಅದೇ ಕಟ್ಟು ಸಮವಯಸ್ಕರಿಗಿಂತ ಹೆಚ್ಚು ಬಲಿತಂತೆ ಕಂಡಿತು. ಇದನ್ನು ಕೆಲವರು ಅಕಾಲಪಕ್ವತೆಯೆಂದು ವ್ಯಾಖ್ಯಾನಿಸುತ್ತಾರೆ. ಗಮನವನ್ನು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ತಿರುಗಿಸುವ ದೊಡ್ಡ ಜಾಲಗಳ ಹೊಂದಾಣಿಕೆಯಲ್ಲಿ ವ್ಯತ್ಯಾಸವುಂಟೆಂಬುದನ್ನು ಹಲವು ಅಧ್ಯಯನಗಳು ಹೇಳಿದರೂ, ಯಾವ ಜಾಲದಲ್ಲಿ ಎಷ್ಟು ಎಂಬುದರಲ್ಲಿ ಏಕಾಭಿಪ್ರಾಯವಿಲ್ಲ.

ಈ ಎಲ್ಲ ಮಾತುಗಳೂ ಸರಾಸರಿಯನ್ನು ಕುರಿತವು ಎಂಬುದನ್ನು ಎಂದೂ ಮರೆಯಬಾರದು. ಎರಡು ಗುಂಪುಗಳ ಅಳತೆಗಳು ಬಹುಮಟ್ಟಿಗೆ ಒಂದರ ಮೇಲೊಂದು ಹಾಯುತ್ತವೆ. ಒಬ್ಬ ಹುಡುಗನ ಮಿದುಳಿನ ಚಿತ್ರವನ್ನು ಕೈಯಲ್ಲಿ ಹಿಡಿದು 'ಇವನು ಕಳ್ಳನಾಗುವನು' ಎಂದು ಹೇಳಬಲ್ಲ ಶಾಸ್ತ್ರ ಇಂದು ಎಲ್ಲಿಯೂ ಇಲ್ಲ.

೫

ಮಿದುಳಿನ ಚಿತ್ರಗಳಿಗಿಂತ ಹೆಚ್ಚು ಸ್ಥಿರವಾಗಿ, ಹೆಚ್ಚು ಕಾಲದಿಂದ ಕಂಡುಬಂದಿರುವ ಸಂಗತಿಯೊಂದುಂಟು. ಅದು ಮಾತಿಗೆ ಸಂಬಂಧಿಸಿದುದು. ನಡತೆಯ ತೊಡಕುಳ್ಳವರ ಬುದ್ಧಿಯ ಅಂಕಗಳು ಇತರರಿಗಿಂತ ಸರಾಸರಿಯಲ್ಲಿ ಸುಮಾರು ಎಂಟರಷ್ಟು ಕಡಮೆಯೆಂದು ಬಹಳ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಈ ಕೊರತೆಯ ಬಹುಭಾಗವು ಆಕೃತಿಗಳನ್ನು ಜೋಡಿಸುವಂಥ ಪರೀಕ್ಷೆಗಳಲ್ಲಿರದೆ, ಮಾತಿನ ಪರೀಕ್ಷೆಗಳಲ್ಲಿ ಇರುವುದು. ಭಾವ ಮತ್ತು ನಡತೆಗಳ ತೊಡಕೆಂದು ಮಾತ್ರ ಗುರುತಿಸಲ್ಪಟ್ಟು, ಭಾಷೆಯ ತೊಂದರೆಯುಂಟೆಂದು ಯಾರೂ ಶಂಕಿಸದಿದ್ದ ಮಕ್ಕಳ ಅಧ್ಯಯನಗಳನ್ನು ೨೦೧೪ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಐವರಲ್ಲಿ ಸುಮಾರು ನಾಲ್ವರಿಗೆ ಅಲ್ಪವಾಗಿಯಾದರೂ ಭಾಷೆಯ ಕೊರತೆಯಿದ್ದುದು ಗೊತ್ತಾಯಿತು.

ಮಾತಿಗೂ ನಡತೆಗೂ ಏನು ಸಂಬಂಧ? ರಷ್ಯದ ವಿಗೋಟ್‌ಸ್ಕಿ ಮತ್ತು ಲೂರಿಯ ಎಂಬ ಪಂಡಿತರು ಇದಕ್ಕೊಂದು ಉತ್ತರವನ್ನು ಕೊಟ್ಟಿದ್ದಾರೆ. ಎಳೆಯ ಮಗು ಮೊದಲು ತಾಯಿಯ ಮಾತಿನಿಂದ ತಡೆಯಲ್ಪಡುತ್ತದೆ. ಬಳಿಕ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡು ತನ್ನನ್ನು ತಡೆದುಕೊಳ್ಳುತ್ತದೆ. ಕಡೆಗೆ ಆ ಮಾತು ಒಳಗಿಳಿದು ಯೋಚನೆಯಾಗುತ್ತದೆ. ಕನ್ನಡದ 'ಅಂದುಕೊಳ್ಳು' ಎಂಬ ಕ್ರಿಯಾಪದವು ಇದನ್ನೇ ಹೇಳುವುದಲ್ಲವೆ? ಯೋಚಿಸುವುದೆಂದರೆ ನಮ್ಮ ನುಡಿಯಲ್ಲಿ ತನಗೆ ತಾನು ಅನ್ನುವುದು. ಅಂದುಕೊಳ್ಳುವುದಕ್ಕೆ ಮಾತು ಸಾಲದವನಿಗೆ ಕೋಪಕ್ಕೂ ಕೈಗೂ ನಡುವೆ ಬಿಡುವು ಸಿಗುವುದಿಲ್ಲ. ಅವನು ತನ್ನ ಅಳಲನ್ನು ಹೇಳಲಾರ. ಪಂಚಾಯಿತಿಯಲ್ಲಿ ತನ್ನ ಪಕ್ಷವನ್ನು ಮಂಡಿಸಲಾರ. ಪಾಠ ತಿಳಿಯದೆ ತರಗತಿಯಲ್ಲಿ ದಿನವೂ ಅವಮಾನಕ್ಕೆ ಒಳಗಾಗಿ ಕಡೆಗೆ ಶಾಲೆಯನ್ನೇ ತೊರೆಯುವನು.

ದಂಡನೆಯ ವಿಷಯದಲ್ಲಿಯೂ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಯಾವ ಆಯ್ಕೆಯಿಂದ ನಷ್ಟವಾಗುತ್ತದೆ ಎಂಬುದನ್ನು ಅನುಭವದಿಂದ ಕಲಿತು ಆಯ್ಕೆಯನ್ನು ಬದಲಿಸುವ ಶಕ್ತಿ ಈ ಮಕ್ಕಳಲ್ಲಿ ಅನೇಕರಿಗೆ ಮಂದವಾಗಿರುವುದೆಂದು ಪರೀಕ್ಷೆಗಳು ತೋರಿಸಿವೆ. ಪೆಟ್ಟು ಹೆಚ್ಚಿದಷ್ಟೂ ಪಾಠ ಹತ್ತುವುದೆಂಬ ನಂಬಿಕೆಗೆ, ಯಾರ ವಿಷಯದಲ್ಲಿ ಅದನ್ನು ಹೆಚ್ಚಾಗಿ ಪ್ರಯೋಗಿಸುತ್ತಾರೋ ಅವರಲ್ಲಿಯೇ, ಆಧಾರವು ಅತ್ಯಲ್ಪ. ೨೦೦೯ರ ಶಿಕ್ಷಣದ ಹಕ್ಕಿನ ಶಾಸನವು ಶಾಲೆಯಲ್ಲಿ ದೇಹದಂಡನೆಯನ್ನು ನಿಷೇಧಿಸಿರುವುದು ಕರುಣೆಯ ದೃಷ್ಟಿಯಿಂದ ಮಾತ್ರವಲ್ಲದೆ ಈ ದೃಷ್ಟಿಯಿಂದಲೂ ಯುಕ್ತವಾಗಿದೆ.

೬

ಬುದ್ಧಿಯನ್ನು ಅಳೆಯುವ ಕೆಲಸದಲ್ಲಿ ಕನ್ನಡನಾಡು ಹಿಂದುಳಿದಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ಮುಂದಾಳುತನದಲ್ಲಿ ಮನಶ್ಶಾಸ್ತ್ರದ ವಿಭಾಗ ತೆರೆಯಿತು. ಫ್ರಾನ್ಸಿನ ಬಿನೆ ಪಂಡಿತನು ೧೯೦೫ರಲ್ಲಿ ಹೂಡಿದ ಪರೀಕ್ಷೆಯನ್ನು, ಅದರ ಅಮೆರಿಕನ್ ಪರಿಷ್ಕರಣದ ಮೂಲಕ, ೧೯೩೪ರಲ್ಲಿ ವಿ. ವಿ. ಕಾಮತರು ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಭಾರತದ ಚಿಕಿತ್ಸಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದೆ. ಬಿನೆ ತನ್ನ ಪರೀಕ್ಷೆಯನ್ನು ರಚಿಸಿದುದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು. ಅವರ ಹಣೆಗೆ ಮುದ್ರೆಯೊತ್ತಲೆಂದಲ್ಲ. ಈ ಪರೀಕ್ಷೆಯ ಬಹುಭಾಗವು ಮಾತನ್ನು ಅವಲಂಬಿಸಿದುದು ಎಂಬುದನ್ನು ನೆನಪಿನಲ್ಲಿಡಬೇಕು.

ಮಿದುಳಿನ ಚಿತ್ರಣದ ವಿಷಯದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಲಂಡನ್ನಿನ ಕಿಂಗ್ಸ್ ಕಾಲೇಜೂ ಮುಂದಾಗಿ ನಡೆಸಿದ ಸಿ-ವೇದ ಎಂಬ ಸಮೂಹಾಧ್ಯಯನವು ನಮಗೆ ಬಹಳ ಸಮೀಪದ್ದು. ಹೊರಮುಖವಾಗಿ ಹರಿಯುವ ನಡತೆಯ ತೊಡಕುಗಳೂ ವ್ಯಸನಗಳೂ ಯಾರಲ್ಲಿ, ಏಕೆ ಬೆಳೆಯುತ್ತವೆ ಎಂಬುದೇ ಅದರ ಪ್ರಶ್ನೆ. ಬೆಂಗಳೂರು, ಮೈಸೂರು, ಆಂಧ್ರದ ರಿಷಿವ್ಯಾಲಿ, ಕೋಲ್ಕತ್ತ, ಇಂಫಾಲ, ಚಂಡೀಗಢಗಳಿಂದ ಆರರಿಂದ ಇಪ್ಪತ್ತಮೂರು ವರ್ಷದೊಳಗಿನ ಸುಮಾರು ಒಂಬತ್ತು ಸಾವಿರ ಮಂದಿ ಅದರಲ್ಲಿ ಸೇರಿದ್ದಾರೆ. ಅವರಲ್ಲಿ ೧,೦೧೪ ಮಂದಿಯನ್ನು ಕುರಿತು ೨೦೨೩ರಲ್ಲಿ ಪ್ರಕಟವಾದ ಒಂದು ಲೇಖನದಂತೆ, ದೇಹದಲ್ಲಿ ಸೇರಿದ ಅಲ್ಪಪ್ರಮಾಣದ ಪಾಷಾಣಕ್ಕೂ, ಮಿದುಳಿನ ಕೆಲವು ಭಾಗಗಳ ಬೂದುದ್ರವ್ಯ ಕಡಮೆಯಾಗಿರುವುದಕ್ಕೂ, ಅವುಗಳ ಸಂಪರ್ಕದ ವ್ಯತ್ಯಾಸಕ್ಕೂ, ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿಯ ಕುಂದಿಗೂ ನಂಟುಂಟು. ಇದು ನಂಟು ಮಾತ್ರ, ಕಾರಣವೆಂದು ಸ್ಥಾಪಿತವಾದುದಲ್ಲ. ಆದರೆ ಕುಡಿಯುವ ನೀರೂ ತಿನ್ನುವ ಅನ್ನವೂ ಬಾಲಕನ 'ಬುದ್ಧಿ'ಯ ಲೆಕ್ಕಕ್ಕೆ ಬರತಕ್ಕವೆಂಬುದನ್ನು ಅದು ನೆನಪಿಗೆ ತರುತ್ತದೆ.

೭

ಈಗ ಬಳ್ಳಾರಿಯ ವಿಷಯಕ್ಕೆ ಬರಬಹುದು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ೧೯೮೨ರಲ್ಲಿ ಆರಂಭವಾಯಿತು. ಅದನ್ನು ಜಿಲ್ಲೆಯೊಂದರಲ್ಲಿ ಕಾರ್ಯರೂಪಕ್ಕೆ ತರುವ ಬಗೆಯನ್ನು ಕಂಡುಕೊಳ್ಳಲೆಂದು ನಿಮ್ಹಾನ್ಸ್ ಸಂಸ್ಥೆಯು ರಾಜ್ಯದ ಆರೋಗ್ಯ ಇಲಾಖೆಯೊಡನೆ ಕೂಡಿ ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಕೆಲಸ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಮನೆಮನೆಗೆ ಹೋಗುವ ಕಾರ್ಯಕರ್ತರಿಗೂ ಅಲ್ಪಕಾಲದ ಶಿಕ್ಷಣವನ್ನು ಕೊಟ್ಟು, ಅವಶ್ಯವಾದ ಕೆಲವೇ ಔಷಧಗಳನ್ನು ಒದಗಿಸಿ, ಜಿಲ್ಲಾ ಕೇಂದ್ರದಿಂದ ಮೇಲ್ವಿಚಾರಣೆ ನಡೆಸುವುದು ಅದರ ಕ್ರಮ. ಸಿರುಗುಪ್ಪ ತಾಲೂಕೂ, ಅಂದು ಬಳ್ಳಾರಿ ತಾಲೂಕಿಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲೂಕಾದ ಕುರುಗೋಡೂ ಆ ಜಿಲ್ಲೆಯೊಳಗಿನವು. 'ಬಳ್ಳಾರಿ ಮಾದರಿ'ಯೆಂದು ಹೆಸರಾದ ಈ ಕ್ರಮವೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಚಿತ್ತವಿಕಾರ, ಮೂರ್ಛೆರೋಗ ಮೊದಲಾದ ಕಠಿನ ವ್ಯಾಧಿಗಳು ಅದರ ಮುಖ್ಯ ಲಕ್ಷ್ಯವಾಗಿದ್ದುವು. ನಡತೆಯ ತೊಡಕುಳ್ಳ ಮಕ್ಕಳಲ್ಲ. ಆದರೆ ಅದು ಸಿದ್ಧಪಡಿಸಿ ತೋರಿಸಿದ ತತ್ತ್ವವು ಇವರಿಗೂ ಅನ್ವಯಿಸುತ್ತದೆ: ಮೊದಲ ಗುರುತಿಸುವಿಕೆಗೆ ದೂರದ ಪಂಡಿತನೇ ಬೇಕಾಗಿಲ್ಲ, ನಿತ್ಯವೂ ನೋಡುತ್ತಿರುವವನಿಗೆ ಸ್ವಲ್ಪ ಶಿಕ್ಷಣ ಸಾಕು. ಮಕ್ಕಳನ್ನು ನಿತ್ಯವೂ ನೋಡುವವನು ಉಪಾಧ್ಯಾಯ. ಅವರ ಮಾತನ್ನು ನಿತ್ಯವೂ ಕೇಳುವವನು ಭಾಷೆಯ ಉಪಾಧ್ಯಾಯ.

ಈ ಸೀಮೆಯ ಭಾಷಾಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯು ೧೯೫೩ರಲ್ಲಿ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದುವು. ಗಡಿ ಬಿದ್ದರೂ ಮನೆಗಳ ಮಾತು ಬದಲಾಗಲಿಲ್ಲ. ತೆಲುಗು, ಉರ್ದು, ಲಂಬಾಣಿ ಮಾತಾಡುವ ಮನೆಗಳಿಂದ ಕನ್ನಡದ ಶಾಲೆಗೆ ಬರುವ ಮಕ್ಕಳು ಇಲ್ಲಿ ಬಹಳ. ಕನ್ನಡದ ಮನೆಗಳ ಮಕ್ಕಳಿಗೂ ಪುಸ್ತಕದ ಕನ್ನಡವು ಅರೆಪರಕೀಯವೇ. ಸಿರುಗುಪ್ಪದ ಶಾಲೆಯೊಂದರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನು ಸಹಪಾಠಿಗಳನ್ನು ಹೊಡೆಯುತ್ತ, ಶಾಲೆ ತಪ್ಪಿಸುತ್ತ, ಪ್ರಶ್ನೆಗೆ ಒಂದೆರಡು ಶಬ್ದಗಳಲ್ಲಿ ಉತ್ತರಿಸುತ್ತ ಇದ್ದಾನೆಂದು ಭಾವಿಸೋಣ. ಇವನಿಗೆ ಕನ್ನಡದಲ್ಲಿ ಪರೀಕ್ಷೆ ನಡೆಸಿ ಮಾತಿನ ಅಂಕ ಕಡಮೆಯೆಂದು ಬರೆದರೆ, ಅದು ಅವನ ಮಿದುಳಿನ ಕುಂದೋ, ಕಿವಿಯ ಕುಂದೋ, ಅಥವಾ ಮನೆಯ ಮಾತು ತೆಲುಗಾದುದರ ಫಲವೋ? ಮನೆಯ ಮಾತಿನಲ್ಲಿ ಅವನು ಕಥೆಯೊಂದನ್ನು ಆದಿಯಿಂದ ಅಂತ್ಯದವರೆಗೆ ಹೇಳಬಲ್ಲನಾದರೆ ಕೊರತೆಯಿರುವುದು ಶಾಲೆಯಲ್ಲಿ. ಮನೆಯ ಮಾತಿನಲ್ಲಿಯೂ ಹೇಳಲಾರನಾದರೆ ಅವನಿಗೆ ವೈದ್ಯರ ಮತ್ತು ಭಾಷಾಚಿಕಿತ್ಸಕರ ನೆರವು ಬೇಕು. ಎರಡು ಸಂದರ್ಭಗಳಲ್ಲಿಯೂ 'ದುಷ್ಟ'ನೆಂಬ ನಿರ್ಣಯವು ತಪ್ಪು.

ಈ ತಪ್ಪಿನ ಬೆಲೆ ಸಣ್ಣದಲ್ಲ. ಬಳ್ಳಾರಿಯು ಮದ್ರಾಸಿನಲ್ಲಿದ್ದಾಗ ೧೯೨೦ರ ಮದ್ರಾಸು ಮಕ್ಕಳ ಶಾಸನವು ಅಪರಾಧಿ ಬಾಲಕರನ್ನು ದೊಡ್ಡವರ ಸೆರೆಯಿಂದ ದೂರವಿಡುವ ಏರ್ಪಾಡನ್ನು ಮಾಡಿತು. ಇಂದು ಜಾರಿಯಲ್ಲಿರುವ ೨೦೧೫ರ ಬಾಲನ್ಯಾಯ ಶಾಸನದ ಹದಿನೈದನೆಯ ಪ್ರಕರಣದಂತೆ, ಘೋರಾಪರಾಧದ ಆಪಾದನೆಗೆ ಒಳಗಾದ, ಹದಿನಾರು ತುಂಬಿದ ಬಾಲಕನಿಗೆ ಅದನ್ನು ಎಸಗುವ ಮಾನಸಿಕ ಸಾಮರ್ಥ್ಯವೂ ಪರಿಣಾಮವನ್ನು ತಿಳಿಯುವ ಶಕ್ತಿಯೂ ಇದ್ದುವೆ ಎಂದು ಬಾಲನ್ಯಾಯ ಮಂಡಳಿಯು ಅಂದಾಜು ಮಾಡಬೇಕು. ಅದರ ಮೇಲೆ ಅವನನ್ನು ದೊಡ್ಡವನಂತೆ ವಿಚಾರಿಸಬಹುದೆ ಎಂಬುದು ನಿಂತಿದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಬಲ್ಲವರಿಲ್ಲದಿದ್ದರೆ ಅಂಥ ತಜ್ಞರ ಸಹಾಯವನ್ನು ಪಡೆಯಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರಲ್ಲಿ ಹೇಳಿತು. ಅಲ್ಲಿ ಕೇಳಲ್ಪಡುವ ಪ್ರಶ್ನೆಗಳು ಮಾತಿನವು. ಬರುವ ಉತ್ತರಗಳೂ ಮಾತಿನವು. ಅರೆತಿಳಿದ ಭಾಷೆಯಲ್ಲಿ ಕೊಟ್ಟ ಉತ್ತರದ ಮೇಲೆ ಒಂದು ಬಾಳು ತೂಗುವುದು. ಅದೇ ಶಾಸನವು ಮಗುವಿನ ವಿಷಯದಲ್ಲಿ ಕಳಂಕ ಹಚ್ಚುವ ಶಬ್ದಗಳನ್ನು ಬಳಸಬಾರದೆಂಬುದನ್ನು ಒಂದು ಮೂಲತತ್ತ್ವವಾಗಿ ಇರಿಸಿರುವುದು ಶಬ್ದವಿದರಾದ ನಮಗೆ ಸಂತೋಷದ ವಿಷಯ.

೮

ನಮ್ಮಲ್ಲಿ ಎರಡು ಗಾದೆಗಳಿವೆ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬುದೊಂದು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬುದಿನ್ನೊಂದು. ಅವಳಿಮಕ್ಕಳನ್ನೂ ದತ್ತುಮಕ್ಕಳನ್ನೂ ಕುರಿತ ಐವತ್ತೊಂದು ಅಧ್ಯಯನಗಳನ್ನು ೨೦೦೨ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸಮಾಜವಿರೋಧಿ ನಡತೆಯಲ್ಲಿ ಜನರೊಳಗಿರುವ ವ್ಯತ್ಯಾಸದ ನೂರಕ್ಕೆ ೪೧ ಪಾಲು ವಂಶದಿಂದಲೂ ಉಳಿದ ೫೯ ಪಾಲು ಪರಿಸರದಿಂದಲೂ ಬಂದುದೆಂದು ಲೆಕ್ಕ ಸಿಕ್ಕಿತು. ಆದುದರಿಂದ ಮೊದಲನೆಯ ಗಾದೆಯು ಅರ್ಧಕ್ಕಿಂತ ಕಡಮೆ ನಿಜ. ಎರಡನೆಯದರಲ್ಲಿ ಹೆಚ್ಚು ಸತ್ಯವಿದೆ. ರುಮೇನಿಯದ ಬುಖಾರೆಸ್ಟಿನಲ್ಲಿ ೨೦೦೦ದಿಂದ ನಡೆದ ಅಧ್ಯಯನದಲ್ಲಿ ಅನಾಥಾಲಯದ ೧೩೬ ಶಿಶುಗಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿಯೆತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕೊಟ್ಟರು. ಮನೆ ಸಿಕ್ಕಿದ ಮಕ್ಕಳ ಬುದ್ಧಿಯೂ ಮಿದುಳಿನ ಬಿಳಿಯ ತಂತುಗಳೂ, ಸಿಗದವರಿಗಿಂತ ಮೇಲಾಗಿ ಬೆಳೆದುವು. ಎಂದರೆ ಅಕ್ಕರೆಯು ಕಾಲುವೆಯನ್ನು ತೋಡಬಲ್ಲುದು. ಆದರೆ ಮರವಾದ ಮೇಲೆ ಬಗ್ಗದೆಂಬ ನಿರಾಶೆಗೆ ಮಿದುಳಿನ ಶಾಸ್ತ್ರವು ಒಪ್ಪಿಗೆ ಕೊಡುವುದಿಲ್ಲ. ಇಪ್ಪತ್ತು ದಾಟುವವರೆಗೂ ಬಲಿಯುತ್ತಿರುವ ದಾರಿಗಳು ಹದಿನಾರರಲ್ಲಿ ಮುಚ್ಚಿಹೋಗಿರಲಾರವು.

'ಬುದ್ಧಿ' ಎಂಬ ನಮ್ಮ ಶಬ್ದವು ತಿಳಿವನ್ನೂ ನಡತೆಯನ್ನೂ ಕೂಡಿಸಿದುದು ಸರಿಯೆ ಎಂಬುದು ಮೊದಲಿನ ಪ್ರಶ್ನೆ. ಎರಡಕ್ಕೂ ನಂಟುಂಟು ಎಂಬಷ್ಟರ ಮಟ್ಟಿಗೆ ಸರಿ. ಒಂದನ್ನು ನೋಡಿ ಮತ್ತೊಂದನ್ನು ತೀರ್ಮಾನಿಸಬಹುದೆಂಬಲ್ಲಿ ತಪ್ಪು. ಅವುಗಳ ನಡುವಣ ಸೇತುವೆ ಮಾತು. ಮಿದುಳನ್ನು ಚಿತ್ರಿಸುವ ಯಂತ್ರವು ಕುರುಗೋಡಿನ ಪ್ರತಿ ಮಗುವಿಗೂ ದೊರೆಯಲಾರದು, ದೊರೆಯಬೇಕಾದುದೂ ಇಲ್ಲ. ದೊರೆಯಬೇಕಾದುದು ಅವನ ಕಿವಿಯನ್ನೂ ಕಣ್ಣನ್ನೂ ಮಾತನ್ನೂ ಪರೀಕ್ಷಿಸಿ ನೋಡುವ ಒಬ್ಬ ಹಿರಿಯ.

ವಿದ್ವಾಂಸರು ಮಾಡಬಹುದಾದ ಕೆಲಸವೊಂದು ಇಲ್ಲಿ ಬಾಕಿ ಇದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಆಡುಗನ್ನಡದಲ್ಲಿಯೂ, ಅಲ್ಲಿನ ತೆಲುಗು, ಉರ್ದು, ಲಂಬಾಣಿಗಳಲ್ಲಿಯೂ ಯಾವ ವಯಸ್ಸಿನ ಮಗು ಎಷ್ಟು ಶಬ್ದಗಳನ್ನು ಬಲ್ಲುದು, ಎಂಥ ಕಥೆಯನ್ನು ಹೇಗೆ ಹೇಳಬಲ್ಲುದು ಎಂಬುದನ್ನು ಊರೂರಿನಲ್ಲಿ ಸಂಗ್ರಹಿಸಿ, ವೈದ್ಯರಿಗೂ ನ್ಯಾಯಮಂಡಳಿಗೂ ಉಪಯೋಗವಾಗುವಂತೆ ಅಳತೆಗಳನ್ನು ಸಿದ್ಧಪಡಿಸಬೇಕು. ಕಾಮತರು ೧೯೩೪ರಲ್ಲಿ ಒಂದು ಸೀಮೆಗೆ ಮಾಡಿದುದನ್ನು ಈ ಸೀಮೆಗೂ ಮಾಡುವುದು ಅಸಾಧ್ಯವಲ್ಲ. ಭಾಷೋಪಾಧ್ಯಾಯರೂ ಭಾಷಾಶಾಸ್ತ್ರಜ್ಞರೂ ಈ ದಿಶೆಯಲ್ಲಿ ಗಮನವನ್ನು ಹರಿಸಬೇಕೆಂದು ವಿಜ್ಞಾಪನೆ.